ಗಡಿಯಾರದ ಗುಂಪಿನ ಕಾಗದಗಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಭಾನುವಾರ ಜಿಟಿಜಿಟಿ ಮಳೆ ಹಿಡಿದಿತ್ತು, ಗುಡಗೇರಿ ಸ್ಟೇಷನ್ನಿನಿಂದ ಕಾಕಾನ ಮನೆ ಮುಟ್ಟುವಷ್ಟರಲ್ಲಿ ಎರೆಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಎತ್ತಿಡುವುದೇ ಕಷ್ಟವಾಗಿತ್ತು ಎಂದು ನನ್ನ ನೆನಪು. ದಿನಚರಿ ತೆಗೆದು ನೋಡಿದರೆ ಅಂದಿನ ಪುಟದಲ್ಲಿ "ವಿಪರೀತ ಬಿಸಿಲು. ಕಾಕಾನ ಕಂಪ್ಯೂಟರ್ ಕೆಲಸ ಮುಗಿಯಿತು" ಎಂದಷ್ಟೇ ಇದೆ. ಕೈಬರಹ ನನ್ನದೇ. ಚಪ್ಪಲಿಯ ಮಣ್ಣು ಬಹುಶಃ ಬೇರೊಂದು ಭಾನುವಾರದ್ದು. ಯಾವಾಗಲೋ ಬಂದು ಇದಕ್ಕೆ ಅಂಟಿಕೊಂಡಿದೆ. ಧಾರವಾಡದ ಒಂದು ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಅವುಗಳ ಜಾಗದಲ್ಲಿ ಇಡುವುದು ನನ್ನ ಕೆಲಸ. ನೆನಪುಗಳ ವಿಷಯದಲ್ಲಿ ಅದು ಕೈಲಾಗುವುದಿಲ್ಲ. ಆದರೂ ಮುಂದೆ ಆದದ್ದರಲ್ಲಿ ನನ್ನ ತಪ್ಪು ಯಾವುದು ಎಂಬುದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಕಾಕಾ ಅಂದರೆ ನನ್ನ ತಂದೆಯ ತಮ್ಮ. ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ಬೀಗ ತೆಗೆಯುವುದು, ಧೂಳು ಒರೆಸುವುದು, ಸಂಜೆ ಒಂದೊಂದು ಯಂತ್ರಕ್ಕೂ ಮುಸುಕು ಹಾಕುವುದು ಅವರ ನೌಕರಿ. ವಿದ್ಯಾರ್ಥಿಗಳು ಹೋದಮೇಲೆ ತಮ್ಮ ರೈಲಿಗೆ ಉಳಿದ ಹೊತ್ತಿನಲ್ಲಿ ತಾವೂ ಒಂದೊಂದೇ ಕೀಲಿ ಒತ್ತಿ ಕಲಿತರು. ಅವರ ಇನ್ನೊಂದು ಕೆಲಸ ಗಡಿಯಾರ ರಿಪೇರಿ. ಸಂತೆಯ ದಿನ ಸುತ್ತಲಿನ ಹಳ್ಳಿಯವರು ನಿಂತುಹೋದ ಗೋಡೆ ಗಡಿಯಾರಗಳನ್ನು ಟವೆಲ್ಲಿನಲ್ಲಿ ಕೂಸಿನಂತೆ ಸುತ್ತಿಕೊಂಡು ಅವರ ಪಡಸಾಲೆಗೆ ಈಗಲೂ ಬರುತ್ತಾರೆ. ಲೋಲಕದ ಗಡಿಯಾರವಾದರೆ ಕಾಕಾ ಬಂದವರಿಗಿಂತ ಮೊದಲು ಅದನ್ನು ಮಾತಾಡಿಸುತ್ತಾರೆ.

ಲ್ಯಾಬಿನಲ್ಲಿದ್ದಾಗಲೇ ಅವರಿಗೆ ನ್ಯೂಸ್‌ಗ್ರೂಪುಗಳ ಹುಚ್ಚು ಹಿಡಿದದ್ದು. ಇವು ವೆಬ್‌ಸೈಟುಗಳಿಗಿಂತ ಹಳೆಯವು. ಒಂದೊಂದು ವಿಷಯಕ್ಕೆ ಒಂದೊಂದು ಗುಂಪು. ಯಾರು ಬೇಕಾದರೂ ಅಲ್ಲಿ ಕಾಗದ ಬರೆದು ಹಾಕಬಹುದು, ಯಾರು ಬೇಕಾದರೂ ಓದಿ ಉತ್ತರ ಕೊಡಬಹುದು. ಚಿತ್ರವಿಲ್ಲ, ಬರೀ ಅಕ್ಷರ. ಹಳೆಯ ಗಡಿಯಾರಗಳ ಗುಂಪೊಂದನ್ನು ಕಾಕಾ ಒಂದು ವೆಬ್‌ಸೈಟಿನ ಮೂಲಕ ವರ್ಷಗಟ್ಟಲೆ ಬೆಳಗಿನ ಚಹಾದ ಜೊತೆ ಓದುತ್ತಿದ್ದರು. ಎರಡು ವರ್ಷದ ಹಿಂದೆ ಆ ಸೈಟು, ಇನ್ನು ಮುಂದೆ ಹೊಸ ಕಾಗದ ಇಲ್ಲಿ ಕಾಣುವುದಿಲ್ಲ ಎಂದು ತಿಳಿಸಿ ಸುಮ್ಮನಾಯಿತು. ಕಾಕಾ ನನಗೆ ಫೋನ್ ಮಾಡಿದರು. ಅಣ್ಣನ ಮಗಳಾದರೂ ಅವರ ಬಾಯಲ್ಲಿ ನಾನು ತಂಗಿಯೇ.

"ತಂಗೀ, ನಮ್ಮ ಗುಂಪಿನ ಬಾಗಲಾ ಹಾಕ್ಯಾರ ನೋಡು."

"ಯಾರ್ರಿ ಹಾಕಿದ್ದು?"

"ಯಾರ ಹಾಕ್ಯಾರೋ. ಒಳಗ ಮಂದಿ ಮಾತಾಡಾಕತ್ತಾರ, ನಾ ಒಬ್ಬಾಂವನ ಹೊರಗ ನಿಂತೇನಿ."

ಹುಡುಕಿ ನೋಡಿದಾಗ ತಿಳಿಯಿತು: ಗುಂಪುಗಳು ಮುಚ್ಚಿರಲಿಲ್ಲ, ಆ ಒಂದು ಬಾಗಿಲು ಮಾತ್ರ ಮುಚ್ಚಿತ್ತು. ಒಂದು ಸರ್ವರಿನಲ್ಲಿ ಹೆಸರು ಹಚ್ಚಿ, ಕಾಗದ ಓದುವ ಪ್ರೋಗ್ರಾಮೊಂದನ್ನು ಕಂಪ್ಯೂಟರಿಗೆ ಹಾಕಿಕೊಂಡರೆ ನೇರವಾಗಿಯೇ ಒಳಗೆ ಹೋಗಬಹುದು. ನಾನು ಆರಿಸಿದ್ದು ಕಪ್ಪು ಪರದೆಯ ಮೇಲೆ ಅಕ್ಷರಗಳಷ್ಟೇ ಕಾಣುವ, ಮೌಸ್ ಬೇಡದ ಒಂದು ಹಳೆಯ ಪ್ರೋಗ್ರಾಮು. ಕಾಕಾನ ಕಣ್ಣಿಗೆ ಮೋತಿಬಿಂದುವಿನ ಆಪರೇಷನ್ ಆಗಿತ್ತು. ಕಪ್ಪಿನ ಮೇಲೆ ದೊಡ್ಡ ಬಿಳಿ ಅಕ್ಷರ ಹಿತವಾದೀತು ಅಂದುಕೊಂಡೆ. ಮಳೆಯೋ ಬಿಸಿಲೋ, ಆ ಭಾನುವಾರ ಗುಡಗೇರಿಗೆ ಹೋದದ್ದು ಅದಕ್ಕೆ.

ಈ ಪ್ರೋಗ್ರಾಮಿಗೆ ಗುಂಡಿ ಒತ್ತಿ ಹೇಳುವಂಥದ್ದು ಕಡಿಮೆ. ಏನು ಬೇಕೋ ಅದನ್ನು ಒಂದು ಫೈಲಿನಲ್ಲಿ ಸಾಲು ಸಾಲಾಗಿ ಬರೆದಿಡಬೇಕು: ಸರ್ವರಿನ ಹೆಸರು, ಓದುವವರ ಹೆಸರು, ಗುಪ್ತಪದ, ಯಾವ ಸಾಲು ಯಾವ ಬಣ್ಣ. ನಾನು ಒಂದೊಂದು ಸಾಲು ಟೈಪ್ ಮಾಡುತ್ತಿದ್ದಂತೆ ಕಾಕಾ ಅದನ್ನು ತಮ್ಮ ವಹಿಯಲ್ಲಿ ಬರೆದುಕೊಂಡರು. ಪ್ರೋಗ್ರಾಮು ತೆರೆದು ಕಪ್ಪು ಪರದೆ ಬಂದಾಗ ಮುಂದಕ್ಕೆ ಬಗ್ಗಿದರು.

"ಇದು ನಮ್ಮ ಹಳೇ ಲ್ಯಾಬಿನ ಮಾರಿನ ಐತಲ್ಲಲೇ!"

ಮೊದಲ ಸಲ ಅದು ಸರ್ವರಿನಲ್ಲಿರುವ ಎಲ್ಲ ಗುಂಪುಗಳ ಹೆಸರನ್ನೂ ತರಿಸಿಕೊಳ್ಳುತ್ತದೆ. ಸಾವಿರಗಟ್ಟಲೆ ಹೆಸರು. ನೆಟ್‌ವರ್ಕ್ ಎಳೆಎಳೆದು ಬರುತ್ತಿತ್ತು. ಅಷ್ಟರಲ್ಲಿ ಕಾಕಾನ ಹೆಂಡತಿ, ನನ್ನ ಕಾಕು, ಮಂಡಕ್ಕಿ ಗಿರ್ಮಿಟ್ಟಿನ ತಾಟು ತಂದು ಇಟ್ಟರು, ಪರದೆ ನೋಡಿದರು.

"ಇಷ್ಟ ಮಂದೀ ಕೂಡ ಮಾತಾಡವ್ರೇನ ಇವರು? ಮನ್ಯಾಗ ನನ್ನ ಕೂಡ ಎರಡ ಮಾತ ಆಡಾಕ ಬಾಯಿ ಇಲ್ಲ."

"ನಿನ್ನ ಗುಂಪಿಗೆ ಮದವಿ ದಿನಾನ ಹೆಸರ ಹಚ್ಚೇನಿ," ಅಂದರು ಕಾಕಾ. "ಅದನ್ನ ತಗಸಾಕ ಇದರಾಗ ಕೀಲೀನ ಇಲ್ಲ."

"ಇದ್ದಿದ್ರ ನಾ ಮೊದಲ ಒತ್ತತಿದ್ಯಾ," ಅಂದು ಕಾಕು ಒಳಗೆ ಹೋದರು.

ಬೇಕಾದ ಗುಂಪಿನ ಮೇಲೆ ಎಸ್ ಒತ್ತಿದರೆ ಚಂದಾ ಆಯಿತು, ಬೇಡವಾದರೆ ಯು. ಹೀಗೆ ಮಾಡಿದ್ದೆಲ್ಲ ಇನ್ನೊಂದು ಫೈಲಿನಲ್ಲಿ ದಾಖಲಾಗುತ್ತದೆ: ಒಂದೊಂದು ಸಾಲಿಗೆ ಒಂದು ಗುಂಪಿನ ಹೆಸರು. ಚಂದಾ ಇದ್ದರೆ ಹೆಸರಿನ ಮುಂದೆ ಎರಡು ಚುಕ್ಕೆ, ಇಲ್ಲದಿದ್ದರೆ ಆಶ್ಚರ್ಯಸೂಚಕ ಚಿಹ್ನೆ, ಆಮೇಲೆ ಓದಿ ಮುಗಿಸಿದ ಕಾಗದಗಳ ನಂಬರು. ಫೈಲು ತೆರೆದು ತೋರಿಸಿದೆ. "ಬ್ಯಾಡಾದವರ ಮುಂದ ಕೋಲ ಊರ್‍ಯಾರ," ಅಂದರು. ನಾನು ಹೆಸರು ಓದುತ್ತ ಹೋದೆ, ಅವರು ಹೂಂ, ಊಹೂಂ ಅನ್ನುತ್ತ ಹೋದರು. ಮುಕ್ಕಾಲು ಗುಂಪುಗಳು ಹಾಳು ಬಿದ್ದಿದ್ದವು. ಜಾಹೀರಾತು, ಬೈಗುಳ, ಬಿಟ್ಟರೆ ಮೌನ. ಕಡೆಗೆ ಏಳು ಉಳಿದವು. ಗಡಿಯಾರ, ರೇಡಿಯೊ, ಬೀಗ, ದುರ್ಬೀನು, ರೈಲು, ಜೇನು. ಏಳನೆಯದು, ತಮ್ಮ ಕಾಗದ ಸರಿಯಾಗಿ ಹೋಗುತ್ತದೋ ಇಲ್ಲವೋ ಎಂದು ಜನ ಪರೀಕ್ಷಿಸಿ ನೋಡುವ ಗುಂಪು. ಅದು ಯಾಕೆ ಎಂದು ಕೇಳಿದೆ.

"ಕೇಳಸ್ತೈತೇನಪಾ ಅಂತ ಒದರಾಕ ಒಂದ ಜಾಗಾ ಬೇಕಲ್ಲ."

ಒಂದು ವಿಷಯಕ್ಕೆ ಮಾತ್ರ ನಮ್ಮಿಬ್ಬರಿಗೆ ಜಗಳವಾಯಿತು. ಗುಂಪಿನಲ್ಲಿ ಬಹಳ ಕಾಗದ ಕೂಡಿದ್ದರೆ ಒಂದು ಕೀಲಿ ಒತ್ತಿ ಎಲ್ಲವನ್ನೂ ಓದಿದಂತೆ ಗುರುತು ಹಾಕಬಹುದು ಎಂದು ತೋರಿಸಿದೆ. ಕಾಕಾ ಪೆನ್ನು ಕೆಳಗಿಟ್ಟರು.

"ಓದದ ಓದೇನಿ ಅಂತ ಹೆಂಗ ಹೇಳೂದು?"

"ಯಾರಿಗೂ ಹೇಳೂದಿಲ್ರಿ ಕಾಕಾ, ಕಂಪ್ಯೂಟರಿಗೆ ಅಷ್ಟ."

"ಅದಕ್ಕಾದ್ರೂ ಸುಳ್ಳ ಯಾಕ ಹೇಳೂದು?"

ಆ ಕೀಲಿಯನ್ನು ಅವರು ವಹಿಯಲ್ಲಿ ಬರೆದುಕೊಳ್ಳಲಿಲ್ಲ. ಹಳೆಯ, ಓದಿದ ಕಾಗದಗಳನ್ನು ಮತ್ತೆ ತೆರೆಯುವ ಕೀಲಿಯನ್ನು ಮಾತ್ರ ಎರಡು ಗೆರೆ ಎಳೆದು ಬರೆದುಕೊಂಡರು. ಓದಿದ್ದನ್ನು ಮತ್ತೆ ಮತ್ತೆ ಓದುವುದು ಅವರ ರೂಢಿ.

ಗಡಿಯಾರದ ಗುಂಪಿನಲ್ಲಿ ಅವರಿಗೆ ಒಬ್ಬ ಗೆಳೆಯ ಇದ್ದರು. ಫಿನ್‌ಲ್ಯಾಂಡಿನವರು, ಸುಮಾರು ಕಾಕಾನ ವಯಸ್ಸಿನವರೇ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ, ಹಾಗಾಗಿ ಇಬ್ಬರಿಗೂ ಚೆನ್ನಾಗಿ ತಿಳಿಯುತ್ತಿತ್ತು. ಆ ದಿನಗಳಲ್ಲಿ ಅವರ ವಾದ ಗೆಳೆಯರ ಕೈಗೆ ರಿಪೇರಿಗೆ ಬಂದಿದ್ದ ಅಲ್ಲಿಯ ಒಂದು ಶಾಲೆಯ ಗೋಡೆ ಗಡಿಯಾರದ ಬಗ್ಗೆ ನಡೆದಿತ್ತು. ಲೋಲಕವನ್ನು ತೂಗುಹಾಕುವ ತೆಳು ಉಕ್ಕಿನ ಪಟ್ಟಿ ಮುರಿದಿತ್ತು. ದಾಡಿ ಬ್ಲೇಡಿನಿಂದ ಪಟ್ಟಿ ಕತ್ತರಿಸಿಕೋ ಎಂದು ಕಾಕಾ ಬರೆದರು. ಅದು ಮುರಿಯುತ್ತದೆ ಎಂದು ಗೆಳೆಯರು ಬರೆದರು. ಕುಬಿಹಾಳದ ಒಬ್ಬರ ಮನೆಯಲ್ಲಿ ಎರಡು ವರ್ಷದಿಂದ ಮುರಿದಿಲ್ಲ ಎಂದು ಕಾಕಾ. ಒಂದು ವಾರ ಹೀಗೆ ನಡೆದಮೇಲೆ ಗೆಳೆಯರು, ಆಗಲಿ, ಇಷ್ಟು ಉದ್ದದ ಪಟ್ಟಿ ಕತ್ತರಿಸುತ್ತೇನೆ ಎಂದು ಅಳತೆ ಬರೆದು ಒಪ್ಪಿಕೊಂಡರು. ಈ ಗೆಳೆಯರನ್ನು ಕಾಕು ಚೇಷ್ಟೆಗೆ ಬೀಗರು ಎಂದು ಕರೆಯುತ್ತಿದ್ದರು. "ಬಂತೇನ್ರಿ ನಿಮ್ಮ ಬೀಗರ ಕಾಗದ? ಇನ್ನರ ನಾಷ್ಟಾ ಮಾಡ್ತೀರೇನು?"

ಶ್ರಾವಣದ ಒಂದು ಭಾನುವಾರ ನಾನು ಅಲ್ಲೇ ಇದ್ದೆ. ಬೀಗರ ಹೆಸರಿನಲ್ಲಿ ಕಾಗದ ಬಂದಿತ್ತು, ಅದೇ ಪಟ್ಟಿಯ ಮಾತಿಗೆ ಉತ್ತರವಾಗಿ. ಕಾಕಾ ನಗುತ್ತಲೇ ತೆರೆದರು. ಬರೆದವರು ಅವರ ಮಗಳು. ತಂದೆ ಹೋದ ವಾರ ತೀರಿಕೊಂಡರು, ಗುಂಪಿನವರಿಗೆ ತಿಳಿಸಬೇಕು ಅನ್ನಿಸಿತು, ಇಷ್ಟೇ ನಾಲ್ಕು ಸಾಲು.

ಕಾಕಾ ಎದ್ದು ಹೋಗಿ ಕಟ್ಟೆಯ ಮೇಲೆ ಕುಳಿತರು. ಕಾಕು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು.

"ಬೀಗರು ಹ್ವಾದ್ರೇನು?"

"ಹೌದ್ರಿ ಕಾಕು."

"ಆ ಕಾಗದ ಒಳಗ ಇಡಬ್ಯಾಡವ್ವಾ. ಹರದ ಒಗಿ."

ಸಾವಿನ ಸುದ್ದಿ ತಂದ ಕಾಗದವನ್ನು ನಮ್ಮ ಮನೆಗಳಲ್ಲಿ ಇಟ್ಟುಕೊಳ್ಳುವುದಿಲ್ಲ. ಹೊಸ್ತಿಲ ಹೊರಗೇ ಓದಿ, ಹರಿದು, ಕಾಲು ತೊಳೆದು ಒಳಗೆ ಬರುತ್ತಾರೆ. ನನ್ನ ಅಜ್ಜ ಕಾರ್ಡು ಹರಿದದ್ದನ್ನು ಕಂಡಿದ್ದೇನೆ, ಅಥವಾ ಕಂಡಿದ್ದೇನೆಂದು ಯಾರಿಂದಲೋ ಕೇಳಿ ನಂಬಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಓದಿದವಳು ನಾನು, ಕಾಕುಗೆ ಇದು ಕಾಗದವೇ ಅಲ್ಲ ಎಂದು ಹೇಳಬಹುದಿತ್ತು.  ಆದರೆ ಹಳೆಯದನ್ನು ಮತ್ತೆ ಮತ್ತೆ ತೆರೆಯುವ ಕಾಕಾನ ರೂಢಿ ನನಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಈ ನಾಲ್ಕು ಸಾಲು ಅವರ ಕಣ್ಣಿಗೆ ಬೀಳುವುದು ಬೇಡ ಅನ್ನಿಸಿತು.

ಸರ್ವರಿನಲ್ಲಿರುವ ಬೇರೆಯವರ ಕಾಗದವನ್ನು ನಾವು ಹರಿಯಲಾಗದು. ನಮ್ಮ ಕಣ್ಣಿಗೆ ಕಾಣದಂತೆ ಒಂದು ನಿಯಮ ಬರೆಯಬಹುದು ಅಷ್ಟೇ. ಕೀಲಿ ಒತ್ತಿದೆ. ಪ್ರೋಗ್ರಾಮು ಕೇಳಿತು: ವಿಷಯ ನೋಡಿ ಮರೆಮಾಡಲೋ, ಬರೆದವರನ್ನು ನೋಡಿಯೋ? ವಿಷಯ ಎಂದರೆ ಪಟ್ಟಿಯ ಚರ್ಚೆಯೆಲ್ಲ ಹೋಗುತ್ತದೆ ಎಂದು ಯೋಚಿಸಿ, ಬಹಳ ಜಾಣೆಯಂತೆ, ಬರೆದವರು ಎಂದು ಒತ್ತಿದೆ. ಎಷ್ಟು ದಿನದವರೆಗೆ ಎಂದು ಕೇಳಿತು. ಖಾಲಿ ಬಿಟ್ಟೆ. ಖಾಲಿ ಬಿಟ್ಟರೆ ಶಾಶ್ವತ. ಕಾಗದದ ಕೊನೆಯಲ್ಲಿ ಮಗಳ ಸಹಿ ಓದಿದ್ದೆ. ಅವಳು ಬರೆದದ್ದು ತಂದೆಯ ವಿಳಾಸದಿಂದ ಎಂಬುದು ಮೇಲಿನ ಸಾಲಿನಲ್ಲಿ ಕಣ್ಣೆದುರೇ ಇತ್ತು. ಅದನ್ನು ಯೋಚಿಸಲಿಲ್ಲ. ಕಾಗದ ಮಾಯವಾಯಿತು. "ಹರದೆ ಕಾಕು," ಅಂದೆ. ಅವರು ನನ್ನ ಕಾಲಿಗೆ ನೀರು ಕೊಟ್ಟರು.

ಮಧ್ಯಾಹ್ನ ಕಾಕಾ ಒಳಗೆ ಬಂದು, "ಮಾತಾಡ್ಸಾಕ ಹೋಗಬೇಕಲ್ಲ," ಅಂದರು. ಸತ್ತವರ ಮನೆಗೆ ಹೋಗಿ, ಏನೂ ತೋಚದಿದ್ದರೂ ಸ್ವಲ್ಪ ಹೊತ್ತು ಕುಳಿತು ಎರಡು ಮಾತಾಡಿ ಬರುವುದು ನಮ್ಮ ಕಡೆ ಮದುವೆಗೆ ಹೋಗುವುದಕ್ಕಿಂತ ದೊಡ್ಡದು. ಹೋಗದಿದ್ದರೆ ಸಂಬಂಧವೇ ಇರಲಿಲ್ಲ ಎಂದು ಹೇಳಿದಂತೆ. ಅವರು ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದು ಗುಂಪಿಗೆ ಹಾಕಿದೆ. ನಮ್ಮ ಊರು ದೂರ, ಬಂದು ನಿಮ್ಮನ್ನು ಮಾತಾಡಿಸಲು ಆಗದು. ನಿಮ್ಮ ಬಾಗಿಲಲ್ಲಿ ಬಂದು ಕುಳಿತಿದ್ದೇವೆ ಎಂದು ತಿಳಿಯಿರಿ. ಹೆಚ್ಚುಕಡಿಮೆ ಹೀಗಿತ್ತು.

ಗುಂಪಿನ ಇತರ ನಾಲ್ಕೈದು ಜನ ಸಂತಾಪ ಬರೆದರು. ಮಗಳಿಂದ ಏನೂ ಬರಲಿಲ್ಲ. ದಸರೆ ಆಯಿತು, ದೀಪಾವಳಿ ಆಯಿತು. ಮೊದಮೊದಲು ಕಾಕಾ, "ಪಾಪ, ಅವರ ತ್ರಾಸು ಅವರಿಗೆ," ಅನ್ನುತ್ತಿದ್ದರು. ಆಮೇಲೆ ಒಂದು ದಿನ ನನ್ನನ್ನು ಕೇಳಿದರು:

"ಬಾಗಲದಾಗ ಕುಂತೇವಿ ಅಂದ್ರ ಅವರ ಕಡೆ ಏನರ ಕೆಟ್ಟ ಅರ್ಥ ಆಕ್ಕೈತೇನ ತಂಗೀ?"

"ಇಲ್ರಿ ಕಾಕಾ."

"ಮತ್ತ ಒಂದ ಅಕ್ಷರ ಬರಿಯಾಕಿಲ್ಲ. ನಾ ಏನೋ ತಪ್ಪ ಆಡೀನಿ."

ನನ್ನ ಇಂಗ್ಲಿಷಿನ ಮೇಲೆಯೇ ನನಗೆ ಅನುಮಾನ ಬಂತು. ಧಾರವಾಡಕ್ಕೆ ವಾಪಸ್ ಬರುವಾಗ ರೈಲಿನಲ್ಲಿ ಆ ವಾಕ್ಯವನ್ನು ತಿರುತಿರುಗಿಸಿ ನೋಡಿದೆ. ವಾಕ್ಯದ ಬಗ್ಗೆ ಅಷ್ಟು ಯೋಚಿಸಿದವಳು ನಿಯಮದ ಬಗ್ಗೆ ಒಂದು ಸಲವೂ ಯೋಚಿಸಲಿಲ್ಲ. ಕಾಕಾ ಗುಂಪಿಗೆ ಬರೆಯುವುದನ್ನೇ ಬಿಟ್ಟರು. ಯಾರೋ ಗಡಿಯಾರದ ಬಗ್ಗೆ ಏನೋ ಕೇಳಿದ್ದರು, ಉತ್ತರ ಗೊತ್ತಿದ್ದೂ ಕೊಡಲಿಲ್ಲ. "ನಮಗ ಮಾತಾಡಾಕ ಬರೂದಿಲ್ಲ, ಬಿಡ," ಅಂದರು. ಬೆಳಗಿನ ಚಹಾ ಕುಡಿಯುತ್ತ ಓದುವುದನ್ನು ಮಾತ್ರ ಬಿಡಲಿಲ್ಲ.

ಬೆಳೆಗೆ ಪೂಜೆ ಮಾಡಿ ಎಲ್ಲರೂ ಹೊಲದಲ್ಲೇ ಉಣ್ಣುವ ಎಳ್ಳ ಅಮಾವಾಸ್ಯೆಗೆ ಹೋದಾಗ, ಕಾಕು ಹೊಲಕ್ಕೆ ಒಯ್ಯುವ ಬುತ್ತಿ ಕಟ್ಟುತ್ತಿದ್ದರು. ಕಾಕಾ ಪರದೆಯ ಮುಂದೆ ಇದ್ದರು. ಕರೆಯಲು ಹೋದವಳು ಅವರ ಹೆಗಲ ಮೇಲಿಂದ ನೋಡಿದೆ. ಹಳೆಯ ಕಾಗದಗಳನ್ನು ತೆರೆದಿದ್ದರು. ಪರದೆಯ ಮೇಲೆ ಕಾಕಾನ ಹೆಸರು, ಕೆಳಗೆ ಮತ್ತೆ ಕಾಕಾನ ಹೆಸರು, ಮತ್ತೆ ಕಾಕಾನ ಹೆಸರು. ಒಬ್ಬರೇ ಕುಳಿತು ವರ್ಷಗಟ್ಟಲೆ ತಮಗೆ ತಾವೇ ಉತ್ತರ ಕೊಟ್ಟುಕೊಂಡಂತೆ.

"ಕಾಕಾ, ಬೀಗರ ಕಾಗದ ಎಲ್ಲಿ?"

"ಅವು ಹ್ವಾದೂವಲ್ಲ," ಅಂದರು, ಶಾಂತವಾಗಿ. "ಹಿಂಗ ಅಲ್ಲಲ್ಲಿ ಉಳದಾವ ನೋಡು." ತಮ್ಮದೊಂದು ಕಾಗದ ತೆರೆದು ತೋರಿಸಿದರು. ಉತ್ತರ ಬರೆಯುವಾಗ ಮೇಲೆ ಗೆಳೆಯರ ಒಂದೆರಡು ಸಾಲು ಎತ್ತಿ ಹಾಕಿಕೊಂಡಿದ್ದರು. ಅದು ಮುರಿಯುತ್ತದೆ ಎಂಬ ಒಂದು ಸಾಲು. ಇಲ್ಲಿ ಹಿಮ ಬಿದ್ದಿದೆ ಎಂಬ ಇನ್ನೊಂದು. ಇಷ್ಟು ತಿಂಗಳು ಅವರು ಬೆಳಿಗ್ಗೆ ಓದುತ್ತಿದ್ದದ್ದು ಆ ಸಾಲುಗಳನ್ನು.

ಆಗ ಹೊಳೆಯಿತು: ಶ್ರಾವಣದಲ್ಲಿ ನಾನು ಬರೆದ ನಿಯಮ ಮಗಳ ಆ ಒಂದು ಕಾಗದವನ್ನಷ್ಟೇ ಅಲ್ಲ, ತಂದೆಯ ವಿಳಾಸದಿಂದ ಬಂದ, ಬರುವ ಎಲ್ಲ ಕಾಗದವನ್ನೂ ಮರೆಮಾಡಿತ್ತು. ಅವರನ್ನು ಸ್ವಲ್ಪ ಸರಿಯಿರಿ ಎಂದು ಹೇಳಿ ಕುಳಿತು, ನಿಯಮಗಳ ಫೈಲು ತೆರೆದೆ. ಅದರಲ್ಲಿ ಇದ್ದದ್ದು ನಾನು ಬರೆದ ಒಂದೇ ನಿಯಮ. ಅಳಿಸಿ, ಗುಂಪನ್ನು ಮೊದಲಿನಿಂದ ತೆರೆದೆ. ಬೀಗರ ಹೆಸರು ಒಂದೊಂದು ಸಾಲು ಬಿಟ್ಟು ಒಂದೊಂದು ಸಾಲಿಗೆ ಪರದೆ ತುಂಬ ಬಂತು. ಕೊನೆಯಲ್ಲಿ, ಸಾವಿನ ಕಾಗದದ ಕೆಳಗೆ, ಕಾಕಾ ಎಂದೂ ನೋಡದ ಮೂರು ಕಾಗದ.

ಮೊದಲನೆಯದರಲ್ಲಿ ಮಗಳು ಬರೆದಿದ್ದಳು: ನೀವು ನಮ್ಮ ಬಾಗಿಲಲ್ಲಿ ಕುಳಿತಿದ್ದೀರಿ ಎಂದು ನನ್ನ ತಾಯಿಗೆ ಓದಿ ಹೇಳಿದೆ, ಅವರು ಎದ್ದು ಹೋಗಿ ಬಾಗಿಲು ತೆರೆದು ನೋಡಿದರು. ಎರಡನೆಯದರಲ್ಲಿ, ಶಾಲೆಯ ಗಡಿಯಾರ ತಂದೆಯ ಮೇಜಿನ ಮೇಲೆ ಹಾಗೇ ಇದೆ, ಮುಗಿಸಬೇಕೆಂದಿದ್ದೇನೆ, ಪಟ್ಟಿ ಎಷ್ಟು ಉದ್ದ ಎಂದು ನಿಮಗೆ ತಿಳಿಸಿದ್ದರಂತೆ, ಹೇಳುವಿರಾ? ಮೂರನೆಯದು ಚಿಕ್ಕದು. ಬಹುಶಃ ನಿಮಗೆ ಈಗ ಇದರ ಬಗ್ಗೆ ಮಾತಾಡಲು ಇಷ್ಟವಿಲ್ಲ. ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ.

ಓದಿ ಕನ್ನಡದಲ್ಲಿ ಹೇಳಿದೆ. ಆದದ್ದನ್ನೂ ಹೇಳಿದೆ, ನಾನು ಯಾವ ಕೀಲಿ ಒತ್ತಿದೆ, ಏನನ್ನು ಖಾಲಿ ಬಿಟ್ಟೆ ಎಂಬುದನ್ನು. ಬಾಗಿಲಲ್ಲಿದ್ದ ಕಾಕು ಬುತ್ತಿಯ ಗಂಟು ಹಿಡಿದುಕೊಂಡೇ, "ನಾನ ಹೇಳಿದ್ನೆಲ್ಲವ್ವಾ," ಅಂದರು. ಕಾಕಾ ಕೈ ಅಲ್ಲಾಡಿಸಿ ಇಬ್ಬರನ್ನೂ ಸುಮ್ಮನಾಗಿಸಿದರು.

"ಅಕಿ ಮೂರ ಸಲ ಬಾಗಲಾ ಬಡದಾಳ," ಅಂದರು. "ಮೂರ ಸಲ. ನಾ ಒಳಗ ಕುಂತ ಅಕೀನ ಬರವಲ್ಲಳು ಅಂದೇನಿ. ಸರೀ ಅತ್ತಾಗ."

ನಾನು ಎದ್ದು ಜಾಗ ಬಿಟ್ಟೆ. ಅಂದಿನ ಉತ್ತರವನ್ನು ಅವರೇ ಬರೆದರು, ಒಂದೇ ಬೆರಳಿನಲ್ಲಿ. ಮೊದಲು ಗೆಳೆಯರ ಹಳೆಯ ಕಾಗದ ಹುಡುಕಿ ಪಟ್ಟಿಯ ಅಳತೆ ತೆಗೆದರು, ಎರಡು ಸಲ ಓದಿ ಖಾತ್ರಿ ಮಾಡಿಕೊಂಡರು. ಆಮೇಲೆ, ಇಷ್ಟವಿಲ್ಲ ಎಂದಲ್ಲ, ನಮ್ಮ ಮನೆಯ ಬಾಗಿಲು ತಪ್ಪಿ ಹಾಕಿತ್ತು, ತಪ್ಪು ನಮ್ಮದು, ನಿಮ್ಮದಲ್ಲ ಎಂದು ಬರೆದರು. ಯಾರು ಹಾಕಿದರು ಎಂದು ಬರೆಯಲಿಲ್ಲ. ನಾವು ಹೊಲ ಮುಟ್ಟುವಷ್ಟರಲ್ಲಿ ಅಕ್ಕಪಕ್ಕದ ಹೊಲದವರು ನಮಗಾಗಿ ಕಾದು ಕಾದು ತಮ್ಮ ಬುತ್ತಿ ಉಂಡು ಮುಗಿಸಿದ್ದರು.

ಉತ್ತರ ಬಂದದ್ದು ಮೂರನೆಯ ದಿನವೋ ನಾಲ್ಕನೆಯ ದಿನವೋ, ಕಾಕಾ ಫೋನಿನಲ್ಲಿ ಓದಿ ಹೇಳಿದರು. ಗಡಿಯಾರ ನಡೆಯುತ್ತಿದೆ, ಆದರೆ ದಿನಕ್ಕೆ ಸ್ವಲ್ಪ ಹಿಂದೆ ಬೀಳುತ್ತದೆ. "ಲೋಲಕದ ಕೆಳಗಿನ ತಿರಪು ಅರ್ಧ ಸುತ್ತ ಏರಿಸು ಅಂತ ಬರದೇನಿ," ಅಂದರು. ಅವರ ದನಿಯಲ್ಲಿ ಹಳೆಯ ಜಂಬ ಬಂದಿತ್ತು. "ಅವರಪ್ಪ ಆಗಿದ್ರ ಏರಸೂದಿಲ್ಲ ಅಂತ ವಾರಗಟ್ಲೆ ಜಗಳಾ ತಗೀತಿದ್ದ. ಈ ಹುಡಗಿ ಶ್ಯಾಣ್ಯಾ ಅದಾಳ." ಹಿಂದಿನಿಂದ ಕಾಕು, ಇನ್ನು ನಾಷ್ಟಾ ಆರಿ ಕಲ್ಲಾದರೆ ತನ್ನನ್ನು ಕೇಳಬಾರದು ಎಂದು ಕೂಗಿದ್ದು ಕೇಳಿಸಿತು.

ಎಲ್ಲ ಸರಿಯಾಯಿತು ಎಂದು ಬರೆದು ಮುಗಿಸಬಹುದು. ನನಗೆ ಹಾಗೆ ಆಗುತ್ತಿಲ್ಲ. ಪ್ರೋಗ್ರಾಮು ಹಾಕಿಕೊಟ್ಟವಳು ನಾನು; ಏನು ಕೆಟ್ಟರೂ, ಒಂದು ಅಕ್ಷರದ ಬಣ್ಣ ಬದಲಾದರೂ, ಕಾಕಾ ನನಗೆ ಫೋನ್ ಮಾಡುತ್ತಿದ್ದರು. ಅಷ್ಟು ವರ್ಷಗಳ ಗೆಳೆಯನ ಕಾಗದಗಳು ಒಂದೇ ದಿನ ಒಟ್ಟಿಗೆ ಮಾಯವಾದಾಗ ಮಾಡಲಿಲ್ಲ. ಮನುಷ್ಯ ಹೋದಮೇಲೆ ಅವನ ಅಕ್ಷರವೂ ಹೋಗುವುದು ಸಹಜ ಎಂದುಕೊಂಡರೇ? ಅಥವಾ ಅದು ನನ್ನ ಕೈಯ ಕೆಲಸ ಎಂದು ಅಂದೇ ತಿಳಿದು, ನನಗೆ ಕೆಡುಕೆನಿಸೀತೆಂದು ನುಂಗಿಕೊಂಡರೇ? ಎರಡನೆಯದು ಅವರ ಸ್ವಭಾವಕ್ಕೆ ಹೊಂದುತ್ತದೆ, ಅದಕ್ಕೇ ಅದನ್ನು ನಾನೇ ಕಟ್ಟಿಕೊಂಡಿದ್ದೇನೆಯೋ ಎಂಬ ಅನುಮಾನವೂ ಇದೆ.

ಹೋದ ತಿಂಗಳು ಗುಡಗೇರಿಗೆ ಹೋದಾಗ ಧೈರ್ಯ ಮಾಡಿದೆ. ಕಾಕಾ ಯಾರದೋ ಗಡಿಯಾರದ ಬೆನ್ನು ಬಿಚ್ಚಿ, ತಿರಪುಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕುತ್ತಿದ್ದರು. ಅವರ ಬಾಜುವಿಗೆ ಕುಳಿತು ಕೇಳಿದೆ:

"ಕಾಕಾ, ಅವರ ಕಾಗದ ಒಂದೂ ಕಾಣದಂಗ ಆದಾಗ ನನ್ನ ಯಾಕ ಕೇಳಲಿಲ್ರಿ?"

ಕಾಕಾ ಬಟ್ಟಲನ್ನು ನನ್ನ ಕಡೆ ಸರಿಸಿ, "ತಿರಪ ಎಷ್ಟ ಅದಾವ ಎಣಸ ತಂಗೀ," ಅಂದರು.